ಹೂವಿನ ಹೆಸರು ಆಮೇಲಿಡಿ, ಮೊದಲು ಸಿಗ್ನಲ್ ಕೊಡಿ

ಬೆಂಗಳೂರಿಗೆ ದಿನಾ ಬಂದು ಹೋಗಲು ಅಗ್ಗದ, ಸಲೀಸಾದ ದಾರಿ ಯಾವುದು? ಮೆಟ್ರೊ ದರ ಏರಿದಾಗಿನಿಂದ ಮನೆಮನೆಯಲ್ಲೂ ಇದೇ ಲೆಕ್ಕಾಚಾರ. ಕೂಡಿ ಕಳೆದು ನೋಡಿದರೆ ಕೊನೆಗೆ ಉಳಿಯುವುದು ಪ್ಯಾಸೆಂಜರ್ ರೈಲು. ಹಾಗಾಗಿ ಕೆಜಿಎಫ್‌ನ ಮಾರಿಕುಪ್ಪಂನಿಂದ ಬರುವ ಮೆಮು ರೈಲನ್ನೇ ಮಾತಿಗೆಳೆದೆವು. ಸಮಯ ಹೊಂದಿಸುವುದು ಕಷ್ಟವಾಗಲಿಲ್ಲ. ಬೈಯಪ್ಪನಹಳ್ಳಿ ಹೊರಗೆ, ಕೆಂಪು ದೀಪದ ಮುಂದೆ, ಅದಕ್ಕೆ ಬೇಕಾದಷ್ಟು ಬಿಡುವಿತ್ತು.

ಪ್ರಶ್ನೆ: ಊರಿಗೆಲ್ಲ ನೀವೇ ಅಗ್ಗವಂತೆ. ಅಭಿನಂದನೆ.

ಮೆಮು: ಅಭಿನಂದನೆ ಇರ್ಲಿ, ಆ ದೀಪ ನೋಡಿ. ಮುಖ ತೋರಿಸಿದ ಕೂಡಲೇ ಕೆಂಪು. ಹಿಂದಿಂದ ಯಾರೋ ದೊಡ್ಡವರು ಬರ್ತಾರಂತೆ, ನಾನು ಪಕ್ಕಕ್ಕೆ ನಿಲ್ಲಬೇಕಂತೆ. 1864ರಲ್ಲಿ ಜೋಲಾರ್‌ಪೇಟೆಯಿಂದ ಕಂಟೋನ್ಮೆಂಟಿಗೆ ಮೊದಲ ರೈಲು ಬಂದಿದ್ದು ಇದೇ ದಾರೀಲಿ ಸಾರ್. ಅದನ್ನ ಯಾರೂ ಔಟರಲ್ಲಿ ನಿಲ್ಲಿಸಲಿಲ್ಲ.

ಪ್ರಶ್ನೆ: ಆಗ ಬೆಂಗಳೂರಲ್ಲಿ ಬೇರೆ ರೈಲೇ ಇರಲಿಲ್ಲವಲ್ಲ.

ಮೆಮು: ನೀವೂ ಅವರ ಕಡೆಯವರೇನಾ?

ಪ್ರಶ್ನೆ: ಛೆ, ಇಲ್ಲ. ನನ್ನ ಚಿಂತೆಯೇ ಬೇರೆ. ನಿಮ್ಮಿಂದ ಇಳಿದವರು ಆಮೇಲೆ ನಡೆಯುವುದೆಲ್ಲಿ? ನಮ್ಮ ರಸ್ತೆಯ ಫುಟ್‌ಪಾತ್ ಮೇಲೆ ಮೊದಲು ಟ್ರಾನ್ಸ್‌ಫಾರ್ಮರ್, ಅದರ ಪಕ್ಕ ಕಬ್ಬಿನ ಹಾಲಿನ ಗಾಡಿ, ಅಲ್ಲಿಂದ ಮುಂದೆ ಎದ್ದು ನಿಂತ ಚಪ್ಪಡಿ ಕಲ್ಲು...

ಮೆಮು: ನಾನು ಸಿಗ್ನಲ್ ವಿಷಯ ಹೇಳ್ತಿದ್ದೆ.

ಪ್ರಶ್ನೆ: ಕ್ಷಮಿಸಿ. 2025ರ ಫೆಬ್ರುವರಿಯಲ್ಲಿ ಮೆಟ್ರೊ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ನಿಮಗೆ ಹಬ್ಬವೇ ಆಗಿರಬೇಕು?

ಮೆಮು: 25 ಕಿಲೋಮೀಟರ್ ದಾಟಿದವನಿಗೆ ಹೋಗಿ ಬರೋಕೆ 180. ತಿಂಗಳಲ್ಲಿ 25 ದಿನ ಕೆಲಸ ಅಂದ್ರೆ 4,500. ಕಾರ್ಡ್ ರಿಯಾಯಿತಿ ಕಳೆದ್ರೂ ಹೊರೆ ಹೊರೆಯೇ. ಅದಕ್ಕಿಂತ ಎಷ್ಟೋ ದೂರದಿಂದ ಕರ್ಕೊಂಡು ಬರೋ ನನ್ನ ತಿಂಗಳ ಪಾಸು ಕೆಲವು ನೂರು. ಆದ್ರೂ ಮೆಟ್ರೊ ಪುಣ್ಯವಂತ. ಅದಕ್ಕೆ ದಾರಿ ಬಿಡಿ ಅಂತ ಹಿಂದಿಂದ ವಂದೇ ಭಾರತ್ ಬರಲ್ಲ.

ಪ್ರಶ್ನೆ: ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸು ಪುಕ್ಕಟೆ. ನಿಮಗಿಂತ ಅಗ್ಗ.

ಮೆಮು: ಹೋದ್ರು. ಕೆಲವರು ವಾಪಸ್ಸೂ ಬಂದ್ರು. ಬಸ್ಸಿಗೆ ದುಡ್ಡು ಬೇಡ, ಟಿನ್ ಫ್ಯಾಕ್ಟರಿ ಟ್ರಾಫಿಕ್ ದಾಟೋಕೆ ಆಯಸ್ಸು ಬೇಕು.

ಪ್ರಶ್ನೆ: ಕೋವಿಡ್ ನಂತರ ನಿಮ್ಮ ಕನಿಷ್ಠ ದರವೂ 30 ರೂಪಾಯಿ ಆಗಿತ್ತಲ್ಲ?

ಮೆಮು: ನನಗೆ ಎಕ್ಸ್‌ಪ್ರೆಸ್ ದರದ ಬೋರ್ಡು ಹಾಕಿದ್ರು. ಖುಷಿಯಾಯ್ತು. ಇನ್ಮೇಲೆ ಔಟರಲ್ಲಿ ನಿಲ್ಲಿಸಲ್ಲ ಅಂದ್ಕೊಂಡೆ. ಹತ್ತರ ಟಿಕೆಟ್ಟಿಗೆ ಮೂವತ್ತು ವಸೂಲಿ ಮಾಡಿ ಅದೇ ಕೆಂಪು ದೀಪದ ಮುಂದೆ ನಿಲ್ಲಿಸಿದ್ರು. 2024ರಲ್ಲಿ ಮತ್ತೆ ಹತ್ತಕ್ಕೆ ಇಳಿಸಿದ್ರು. ದೀಪ ಮಾತ್ರ ಬದಲಾಗಿಲ್ಲ.

ಪ್ರಶ್ನೆ: ನಿಮ್ಮ ಸ್ವಚ್ಛತೆಯ ಬಗ್ಗೆ, ಫ್ಯಾನುಗಳ ಬಗ್ಗೆ ದೂರುಗಳಿವೆ.

ಮೆಮು: ಹಿಂದಿಂದ ಸದ್ದು ಕೇಳಿಸ್ತಾ? ಬಂತು ನೋಡಿ, ಆ ಬಿಳಿ ಮೂತಿ.

ಪ್ರಶ್ನೆ: ಉಪನಗರ ರೈಲು ಬಂದರೆ ನಿಮ್ಮ ಕಷ್ಟ ತೀರುತ್ತದಲ್ಲ?

ಮೆಮು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ನಾಲ್ಕು ಮಾರ್ಗ. 148 ಕಿಲೋಮೀಟರ್, 15,767 ಕೋಟಿ. ಕೇಳೋಕೆ ಮದುವೆ ಮಂಟಪದ ಥರ ಇದೆ. 2022ರ ಜೂನ್‌ನಲ್ಲಿ ಪ್ರಧಾನಿ ಬಂದು ಅಡಿಗಲ್ಲು ಹಾಕಿ, 40 ವರ್ಷದಿಂದ ಬಾಕಿ ಇದ್ದದ್ದನ್ನ 40 ತಿಂಗಳಲ್ಲಿ ಮುಗಿಸ್ತೀವಿ ಅಂದ್ರು. 40 ತಿಂಗಳು 2025ರ ಅಕ್ಟೋಬರಿಗೆ ತುಂಬ್ತು. ಅಷ್ಟರಲ್ಲಿ ಎರಡು ಮಾರ್ಗದ ಗುತ್ತಿಗೆದಾರರೇ ಕೈತೊಳ್ಕೊಂಡಿದ್ರು. ನನ್ನ ಪಕ್ಕದಲ್ಲಿ ಓಡಬೇಕಾದ್ದು ಪಾರಿಜಾತ. ಇನ್ನೂ ಮೊಗ್ಗೇ ಕಂಡಿಲ್ಲ.

ಪ್ರಶ್ನೆ: ಆ ನಿಲ್ದಾಣಗಳಿಗೆ ಫುಟ್‌ಪಾತ್ ಇರುತ್ತದೆಯೇ? ಏಕೆಂದರೆ ನಮ್ಮ ರಸ್ತೆಯಲ್ಲಿ...

ಮೆಮು: ಸಾರ್, ಸ್ವಲ್ಪ ನನ್ನ ಮೂರನೇ ಬೋಗಿ ಬಾಗಿಲು ನೋಡಿ. ಆ ಹುಡುಗ ಟಿಫಿನ್ ಡಬ್ಬಿ ಒಳಗಿರೋ ಅಕ್ಕನ ಕೈಗೆ ಕೊಟ್ಟು, ಒಂದು ಕೈಲಿ ಕಂಬಿ ಹಿಡ್ಕೊಂಡು, ಒಂದು ಕಾಲು ಹೊರಗೆ ಬಿಟ್ಟು ನಿಂತಿದ್ದಾನಲ್ಲ, ಅವನು. ಆ ಅಕ್ಕನ ಮಡಿಲಲ್ಲಿ ಆಗಲೇ ಐದಾರು ಡಬ್ಬಿ ಇದೆ. ಅವನಜ್ಜ ಚಿನ್ನದ ಗಣಿಗೆ ಇಳಿದವನು. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋಗಿದ್ದು ಆ ಗಣಿಗೆ, ಬೆಂಗಳೂರಿಗೆ ಬೆಳಕು ಬಂದದ್ದು 1905ರಲ್ಲಿ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿದ್ರು. ಊರಿಗೂರೇ ನನ್ನ ಬಾಗಿಲಿಗೆ ನೇತು ಬಿತ್ತು. ನಾನಿಲ್ಲಿ ಕಾಲು ಗಂಟೆ ನಿಂತ್ರೆ ಅವನಿಗೆ ಅರ್ಧ ದಿನದ ಸಂಬಳ ಕಟ್. ಅದಕ್ಕೇ ಈಗ ಜಲ್ಲಿ ಮೇಲೆ ಧುಮುಕಿ, ಹಳಿ ದಾಟಿ ಓಡ್ತಾನೆ. ಪಕ್ಕದ ಹಳಿಯಲ್ಲೂ ರೈಲು ಬರುತ್ತೆ ಸಾರ್. ಯಾರಾದ್ರೂ ಬಿದ್ದು ಸತ್ರೆ ಪೇಪರಲ್ಲಿ ಎರಡು ಸಾಲು: ಬಾಗಿಲಲ್ಲಿ ನಿಂತಿದ್ದ. ಯಾಕೆ ನಿಂತಿದ್ದ ಅಂತ ಬರೆಯಲ್ಲ. ಸುರಂಗಕ್ಕೆ, ಮೇಲ್ಸೇತುವೆಗೆ ಸಾವಿರಾರು ಕೋಟಿ ಹುಟ್ಟುತ್ತೆ. ಹಳಿ ಇದೆ, ಜನ ಇದ್ದಾರೆ, ಬೆಳಗ್ಗೆ ಇನ್ನೊಂದು ರೈಲು ಬಿಡಿ, ನನಗೆ ನಾಲ್ಕು ಬೋಗಿ ಜಾಸ್ತಿ ಕೊಡಿ ಅಂದ್ರೆ ದುಡ್ಡಿಲ್ಲ. ನಾನು ಅಗ್ಗ ಅಲ್ಲ. ನನ್ನ ಟಿಕೆಟ್ಟಿನ ಬಾಕಿ ದುಡ್ಡನ್ನ ಆ ಹುಡುಗ ಜೀವ ಒತ್ತೆ ಇಟ್ಟು ತೀರಿಸ್ತಿದ್ದಾನೆ.

ಪ್ರಶ್ನೆ: (ಸ್ವಲ್ಪ ತಡೆದು) ಇದನ್ನು ಯಾರಿಗೆ ಹೇಳಬೇಕು?

ಮೆಮು: ರೈಲು ಕೇಂದ್ರದ್ದು. ಉಪನಗರ ರೈಲಲ್ಲಿ ರಾಜ್ಯವೂ ಪಾಲುದಾರ. ಇವರನ್ನ ಕೇಳಿದ್ರೆ ಅವರನ್ನ ತೋರಿಸ್ತಾರೆ, ಅವರನ್ನ ಕೇಳಿದ್ರೆ ಇವರನ್ನ.

ಪ್ರಶ್ನೆ: ಫುಟ್‌ಪಾತ್‌ಗಾದರೆ ಪಾಲಿಕೆ ಇದೆ.

ಮೆಮು: ಅದೀಗ ಐದಾಗಿದೆ. ನಿಮ್ಮ ಟ್ರಾನ್ಸ್‌ಫಾರ್ಮರ್ ಯಾವುದರದ್ದು ಅಂತ ಮೊದಲು ಪತ್ತೆ ಮಾಡಿ. ಅಷ್ಟರಲ್ಲಿ ನನಗೆ ಹಸಿರು ಬಂದ್ರೂ ಬರಬಹುದು.