ಕಂದು ಲಕೋಟೆಯೊಡನೆ ಕಾಲು ಗಂಟೆ

ಅಂಚೆಯವನು ಬಾಗಿಲ ಸೀಳಿನಲ್ಲಿ ತೂರಿಸಿದ್ದು ಏನೆಂದು ಬಿದ್ದ ಸದ್ದಿನಲ್ಲೇ ಗೊತ್ತಾಗುತ್ತದೆ. ಪಿಜ್ಜಾ ಅಂಗಡಿಯ ಕರಪತ್ರ ಸರ್ರನೆ ಜಾರುತ್ತದೆ. ಬ್ಯಾಂಕಿನ ಕಾಗದ ಟಪ್ಪೆನ್ನುತ್ತದೆ. ಇದು ದೊಪ್ಪೆಂದಿತು. ಶನಿವಾರ, ಬೆಳಗಿನ ಹನ್ನೊಂದು ಗಂಟೆ, ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನಮ್ಮ ಮನೆ. ಮೆಟ್ಟಿಲ ಮೇಲೆ ಕೂತಿದ್ದವನು ಕತ್ತು ಚಾಚಿ ನೋಡಿದೆ. ಕಾಲೊರಸಿನ ಮೇಲೆ ಅಂಗಾತ ಬಿದ್ದಿದೆ. ಕಂದು ಬಣ್ಣ, ಒಂದೇ ಕಿಟಕಿ. ಈ ದೇಶದಲ್ಲಿ ಕಾಯಿಲೆ ಬಿದ್ದು ಕೆಲಸ ಬಿಟ್ಟವರ ಮನೆಯಲ್ಲಿ ಕಂದು ಲಕೋಟೆಗೆ ಸಿಗುವ ಮರ್ಯಾದೆ, ಹಿಂದೆ ನಮ್ಮೂರಲ್ಲಿ ಟೆಲಿಗ್ರಾಮಿಗೆ ಸಿಗುತ್ತಿದ್ದದ್ದೇ. ಒಡೆದು ಓದುವ ಮೊದಲೇ ಹಿತ್ತಲಲ್ಲಿ ಅಳು ಶುರುವಾಗುತ್ತಿತ್ತು.

ಹತ್ತೊಂಬತ್ತು ವರ್ಷ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಸ್ಟಾಫ್ ನರ್ಸ್ ಆಗಿ ರೋಗಿಗಳನ್ನು ಎತ್ತಿ, ಎಬ್ಬಿಸಿ, ಮಗ್ಗುಲು ಬದಲಿಸಿ ನನ್ನ ಬೆನ್ನು ಹೋಯಿತು. ಅನಾರೋಗ್ಯದ ಪಿಂಚಣಿ ಮಂಜೂರಾಯಿತು. ಜೊತೆಗೆ ಸರ್ಕಾರದ ಭತ್ಯೆಗೂ ಅರ್ಜಿ ಹಾಕಿದ್ದೆ. ಬಂದಿರುವುದು ಅದರದೇ ಕಾಗದ, ಆದರೆ ಬಗ್ಗಿ ಎತ್ತಿಕೊಳ್ಳುವ ಹಾಗಿಲ್ಲ. ಹೆಂಡತಿ ಅಂಗಡಿಯಿಂದ ಬರುವುದಕ್ಕೆ ಇನ್ನೂ ಕಾಲು ಗಂಟೆ ಇತ್ತು. ಅಲ್ಲಿಯವರೆಗೆ ಮಾತಾಡಿಸೋಣ ಅನ್ನಿಸಿತು.

ನಾನು: ನಮಸ್ಕಾರ. ತಾವು ಶನಿವಾರವೇ ಯಾಕೆ ಬರ್ತೀರಿ?

ಲಕೋಟೆ: ನಮಸ್ಕಾರ, ಮಿಸ್ಟರ್ ಹೊಳೆನರಸೀಪು. ಶನಿವಾರ ನಮ್ಮ ಫೋನಿಗೆ ರಜ. ಇಲ್ಲದಿದ್ರೆ ನೀವು ಗಾಬರಿಯಲ್ಲಿ ಫೋನು ಹಚ್ಚಿ, ವಿವಾಲ್ಡಿಯ ‘ವಸಂತ’ ಕೇಳುತ್ತಾ ಕೂತು, ಗ್ರೀಷ್ಮಕ್ಕೆ ಕಾಲಿಡ್ತೀರಿ. ಎರಡು ದಿನ ಸಾವಕಾಶವಾಗಿ ಗಾಬರಿಪಡಲಿ ಅಂತ ಹೀಗೆ.

ನಾನು: ಹೊಳೆನರಸೀಪುರ. ‘ರ’ ಬಿಟ್ಟಿದ್ದೀರಿ. ಅದು ನನ್ನ ಹೆಸರೂ ಅಲ್ಲ, ನಮ್ಮೂರು. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಬೇಕು ಅಂದಾಗ ಅಪ್ಪ ಊರನ್ನೇ ಬರೆಸಿದ್ದರು.

ಲಕೋಟೆ: ನನ್ನ ಕಿಟಕಿಗೆ ಹಿಡಿಯೋದು ಅಷ್ಟೇ ಸ್ವಾಮಿ. ಕಿಟಕಿಯಿಂದಾಚೆ ಇರೋದು ನಮ್ಮ ಲೆಕ್ಕಕ್ಕಿಲ್ಲ.

ನಾನು: ಹೋಗಲಿ. ನಿಮ್ಮ ವಂಶದ ಕಥೆ ಹೇಳಿ.

ಲಕೋಟೆ: ದೊಡ್ಡ ವಂಶ. 1971ರಲ್ಲಿ ನಮ್ಮ ಅಜ್ಜಿ ಹೊತ್ತಿದ್ದು ಇನ್‌ವ್ಯಾಲಿಡಿಟಿ ಬೆನಿಫಿಟ್. 1995ರಲ್ಲಿ ಅದು ಹೋಗಿ ಇನ್‌ಕೆಪ್ಯಾಸಿಟಿ ಬೆನಿಫಿಟ್ ಬಂತು. 2008ರಲ್ಲಿ ಎಂಪ್ಲಾಯ್‌ಮೆಂಟ್ ಅಂಡ್ ಸಪೋರ್ಟ್ ಅಲೋಯನ್ಸ್. 2013ರಿಂದ ಯೂನಿವರ್ಸಲ್ ಕ್ರೆಡಿಟ್. ಮೊದಲನೇ ಹೆಸರಲ್ಲಿ ಕಾಯಿಲೆ ಇತ್ತು, ಎರಡನೇದರಲ್ಲಿ ಕೈಲಾಗದಿರೋದು ಇತ್ತು, ಮೂರನೇದರಲ್ಲಿ ಉದ್ಯೋಗ ಬಂದು ಕೂತ್ಕೊಂತು, ನಾಲ್ಕನೇದರಲ್ಲಿ ಏನಿದೆ ಅಂತ ನನಗೂ ಗೊತ್ತಿಲ್ಲ. ಡಾಕ್ಟರು ಬರೆದುಕೊಡ್ತಿದ್ದ ಸಿಕ್ ನೋಟ್‌ಗೆ 2010ರಲ್ಲಿ ಫಿಟ್ ನೋಟ್ ಅಂತ ಹೊಸದಾಗಿ ನಾಮಕರಣ ಆಯ್ತು.

ನಾನು: ನಮ್ಮಲ್ಲೂ ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸಿಗೆ ತಿಪ್ಪ ಅಂತ ಹೆಸರಿಡ್ತಿದ್ದರು. ಯಮನಿಗೆ ಗುರುತು ಸಿಗದಿರಲಿ ಅಂತ.

ಲಕೋಟೆ: ಇಲ್ಲಿ ಅರ್ಜಿ ಹಾಕೋರಿಗೆ ಗುರುತು ಸಿಗದಿರಲಿ ಅಂತ. ಯಮನಿಗೆ ನಮ್ಮ ವಿಳಾಸ ಗೊತ್ತು.

(ಲಕೋಟೆಗೆ ಹಾಸ್ಯಪ್ರಜ್ಞೆ ಇರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಬೆನ್ನಿಗೆ ದಿಂಬು ಸರಿಮಾಡಿಕೊಂಡೆ.)

ನಾನು: ಪಿಂಚಣಿ ಕೊಡೋ ಮೊದಲು ಅವರ ಡಾಕ್ಟರು ನನ್ನ ಕಡತವನ್ನೆಲ್ಲ ಜಾಲಾಡಿ, ಇನ್ನು ಈ ಕೆಲಸ ನಿನ್ನಿಂದಾಗದು ಅಂತ ಬರೆದಿದ್ದಾರೆ. ಮತ್ತೆ ನಿಮ್ಮದೊಂದು ಪರೀಕ್ಷೆ ಯಾಕೆ?

ಲಕೋಟೆ: ಎನ್‌ಎಚ್‌ಎಸ್ ಪಿಂಚಣಿಯಲ್ಲಿ ಎರಡು ಮೆಟ್ಟಿಲು. ಮೊದಲನೇದು, ನಿಮ್ಮ ಕೆಲಸ ಶಾಶ್ವತವಾಗಿ ನಿಮ್ಮಿಂದಾಗದು ಅನ್ನೋದು. ಎರಡನೇದು, ಯಾವ ನಿಯತ ಕೆಲಸವೂ ಆಗದು ಅನ್ನೋದು. ನಮ್ಮದು ಆ ಮೆಟ್ಟಿಲೇ ಅಲ್ಲ, ಬೇರೆ ಮನೆ. ನಮ್ಮಲ್ಲಿ ಹದಿನೈದು ಅಂಕ ಬಂದರೆ ಪಾಸು. ಒಂದು ಪೌಂಡಿನ ನಾಣ್ಯ ಎತ್ತಲಾರಿರಾ? 15 ಅಂಕ. ಮೇಲಂಗಿಯ ಮೇಲಿನ ಜೇಬಿಗೆ ಎರಡೂ ಕೈ ಹೋಗಲ್ವಾ? 15. ಟೋಪಿ ಹಾಕೋಕೆ ತಲೆವರೆಗೆ ಕೈ ಏಳಲ್ವಾ? 9.

ನಾನು: ಯಾರಿಗೆ ಟೋಪಿ ಹಾಕೋಕೆ?

ಲಕೋಟೆ: ನಿಮಗೆ ನೀವೇ ಹಾಕ್ಕೊಳ್ಳೋಕೆ. ಬೇರೆಯವರಿಗೆ ಹಾಕೋದು ಸರ್ಕಾರದ ಕೆಲಸ, ಅದಕ್ಕೆ ಅಂಕ ಇಲ್ಲ.

ನಾನು: ನನಗೆ ಬಗ್ಗೋಕಾಗಲ್ಲ. ಅದಕ್ಕೇ ನೀವಿನ್ನೂ ನೆಲದ ಮೇಲಿದ್ದೀರಿ. ಅದಕ್ಕೆಷ್ಟು?

ಲಕೋಟೆ: ಬಗ್ಗೋದು ಪಟ್ಟಿಯಲ್ಲಿತ್ತು. 2011ರಲ್ಲಿ ತೆಗೆದುಬಿಟ್ಟರು. ಈಗ ಬಗ್ಗದೇ ಇರೋನು ಬಗ್ಗೋನಿಗೆ ಸಮ.

ನಾನು: ‘ಐ, ಡೇನಿಯಲ್ ಬ್ಲೇಕ್’ ಅಂತ 2016ರಲ್ಲೊಂದು ಸಿನಿಮಾ ಬಂತು. ಹೃದಯಾಘಾತವಾದ ಬಡಗಿಗೆ ಡಾಕ್ಟರು ಕೆಲಸ ಬೇಡ ಅಂದಿದ್ದರೂ ಸರ್ಕಾರದ ಪರೀಕ್ಷೆ ಮಾಡು ಅಂದಿತ್ತು.

ಲಕೋಟೆ: ನಿರ್ದೇಶಕ ಕೆನ್ ಲೋಚ್‌ಗೆ ಕಾನ್ ಚಿತ್ರೋತ್ಸವದಲ್ಲಿ ದೊಡ್ಡ ಪ್ರಶಸ್ತಿ ಬಂತು. ನಮ್ಮ ಕುಲಕ್ಕೆ ಒಂದು ಶಾಲೂ ಹೊದಿಸಲಿಲ್ಲ. ಮುಂದಿನ ಪ್ರಶ್ನೆ.

ನಾನು: ಪಿಂಚಣಿ ಬಂದ ಮೇಲೆ ಭತ್ಯೆ ಪೂರ್ತಿ ಬರಲ್ಲವಂತೆ. ನಿಜವೇ?

ಲಕೋಟೆ: ಯಾವ ಭತ್ಯೆ ಅನ್ನೋದರ ಮೇಲೆ ನಿಂತಿದೆ. ಪಿಪ್ ಅಂತ ನನ್ನ ತಮ್ಮ ಒಬ್ಬ ಇದ್ದಾನೆ, ಅಂಗವಿಕಲರ ಖರ್ಚಿಗೆ ಅಂತ ಕೊಡೋದು. ಅವನು ನಿಮ್ಮ ದುಡ್ಡಿನ ಗೊಡವೆಗೆ ಬರಲ್ಲ. ಪಿಂಚಣಿ ಸಾವಿರ ಬರಲಿ, ಅವನು ಕೇಳೋದು ಎಷ್ಟು ಮೀಟರ್ ನಡೀತೀಯಾ ಅಂತ. ಯೂನಿವರ್ಸಲ್ ಕ್ರೆಡಿಟ್ ಅನ್ನೋ ದೊಡ್ಡಣ್ಣ ಇದ್ದಾನೆ. ಅವನು ಪಿಂಚಣಿಯ ಒಂದು ಪೌಂಡಿಗೆ ಒಂದು ಪೌಂಡು ಹಿಡ್ಕೋತಾನೆ, ಪೈಸೆ ಬಿಡಲ್ಲ. ನೀವು ಅರ್ಜಿ ಹಾಕಿರೋದು ನಡುವಿನವನಿಗೆ. ನೀವು ಕಟ್ಟಿದ ನ್ಯಾಷನಲ್ ಇನ್ಶೂರೆನ್ಸ್ ಕಂತಿನ ಮೇಲೆ ಸಿಗುವ ಹೊಸ ಮಾದರಿಯ ಎಂಪ್ಲಾಯ್‌ಮೆಂಟ್ ಅಂಡ್ ಸಪೋರ್ಟ್ ಅಲೋಯನ್ಸ್. ಅವನು ಅರ್ಧ ನ್ಯಾಯವಂತ. ವಾರಕ್ಕೆ 85 ಪೌಂಡಿನ ತನಕ ಪಿಂಚಣಿ ನೋಡೋದೇ ಇಲ್ಲ. ಅದರಾಚೆ ಬಂದದ್ದರಲ್ಲಿ ಅರ್ಧ ಮುರಿದುಕೋತಾನೆ.

ನಾನು: ನನ್ನ ಪಿಂಚಣಿ ವಾರಕ್ಕೆ 185 ಅಂತಿಟ್ಟುಕೊಳ್ಳಿ.

ಲಕೋಟೆ: ತೆರಿಗೆ ಮುರಿಯೋ ಮೊದಲಿನದು ತಾನೇ? ಅದನ್ನೇ ಹಿಡಿಯೋದು, ನಿಮ್ಮ ಕೈಗೆ ಬರೋದನ್ನಲ್ಲ. 85ರ ಮೇಲೆ 100. ಅರ್ಧ ಅಂದರೆ 50. ಪರೀಕ್ಷೆ ಮುಗಿಯೋ ತನಕ ನಿಮಗೆ ಸಲ್ಲಬೇಕಾದ್ದು 2025–26ರ ದರದಲ್ಲಿ ವಾರಕ್ಕೆ 92.05. ಐವತ್ತು ಕಳೆದರೆ 42.05. ಪಿಂಚಣಿ 269.10 ಮುಟ್ಟಿದರೆ ಕೈಗೆ ಸೊನ್ನೆ. ಆದರೂ ಅರ್ಜಿ ಬಿಡಬೇಡಿ. ಸೊನ್ನೆ ಬಂದರೂ ನಿಮ್ಮ ಹೆಸರಿಗೆ ಇನ್ಶೂರೆನ್ಸಿನ ಕ್ರೆಡಿಟ್ ಬೀಳುತ್ತೆ, ವಯಸ್ಸಾದ ಮೇಲಿನ ಸರ್ಕಾರಿ ಪಿಂಚಣಿಗೆ ಬೇಕಾಗುತ್ತೆ. ಇದನ್ನು ನಾನು ಹೇಳಿದೆ ಅಂತ ಎಲ್ಲೂ ಹೇಳಬೇಡಿ.

ನಾನು: ನಾನು ಎರಡು ಚೀಟಿ ಕಟ್ಟಿದ್ದೆ. ಸಂಬಳದಿಂದ ಪಿಂಚಣಿಯ ಕಂತೂ ಹೋಯ್ತು, ಇನ್ಶೂರೆನ್ಸಿನ ಕಂತೂ ಹೋಯ್ತು. ಒಂದರ ದುಡ್ಡು ಬಂತಲ್ಲ ಅಂತ ಇನ್ನೊಂದರಲ್ಲಿ ಮುರಿಯೋದು ಯಾವ ಚೀಟಿ ವ್ಯವಹಾರ? ಹಾಸನದಲ್ಲಿ ಚೀಟಿ ನಡೆಸೋರು ಹೀಗೆ ಮಾಡಿದ್ದರೆ ರಾತ್ರೋರಾತ್ರಿ ಊರು ಬಿಡಬೇಕಾಗ್ತಿತ್ತು.

ಲಕೋಟೆ: ಆದಾಯ ಇರೋರಿಗೆ ಯಾಕೆ ಪೂರ್ತಿ ಕೊಡಬೇಕು ಅಂತ ಸರ್ಕಾರದ ವಾದ.

ನಾನು: ಹಾಗಾದರೆ ಪಕ್ಕದ ಮನೆಯವನ ಬ್ಯಾಂಕಿನಲ್ಲಿ ಹತ್ತು ಲಕ್ಷ ಪೌಂಡ್ ಇದ್ದು, ಹೆಂಡತಿ ದೊಡ್ಡ ಸಂಬಳ ತರ್ತಿದ್ದರೆ?

ಲಕೋಟೆ (ಅಂಚು ಸ್ವಲ್ಪ ಮುದುರಿಕೊಂಡು): ಈ ಭತ್ಯೆಯಲ್ಲಿ ಉಳಿತಾಯ ಲೆಕ್ಕಕ್ಕಿಲ್ಲ. ಹೆಂಡತಿ ಸಂಬಳವೂ ಇಲ್ಲ. ಪೂರ್ತಿ ಸಿಗುತ್ತೆ.

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಹೊರಗೆ ಕಸದ ಗಾಡಿ ಹಿಂದಕ್ಕೆ ಬರುವ ಪೀಪಿ ಕೇಳುತ್ತಿತ್ತು.

ನಾನು: ಈ 85 ಎಲ್ಲಿಂದ ಬಂತು?

ಲಕೋಟೆ: ಅದು 1999ರ ಜಗಳ. ಟೋನಿ ಬ್ಲೇರ್ ಸರ್ಕಾರ, ಮಂತ್ರಿ ಆಲಿಸ್ಟೇರ್ ಡಾರ್ಲಿಂಗ್. ಪಿಂಚಣಿ 50 ಪೌಂಡ್ ದಾಟಿದರೆ ಮುರಿತ ಅಂತ ಮಸೂದೆ ತಂದರು. ಅವರ ಪಕ್ಷದವರೇ ತಿರುಗಿಬಿದ್ದರು. ಮೇಲ್ಮನೆಯಲ್ಲಿ ಮುಂದೆ ನಿಂತವರು ಜ್ಯಾಕ್ ಆಶ್ಲಿ. ಅವರು ಹಿಂದೆ ಕಿವಿ ಕಳೆದುಕೊಂಡಿದ್ದವರು, ಆದರೆ ಅಂಗವಿಕಲರ ಮಾತು ಆ ಸಭೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೇಳಿಸಿದ್ದು ಅವರಿಗೇ. ಎಳೆದಾಡಿ ಕೊನೆಗೆ 50 ಇದ್ದದ್ದು 85 ಆಯ್ತು. 2001ರ ಏಪ್ರಿಲ್‌ನಿಂದ ಜಾರಿ. ಅದಕ್ಕೂ ಮೊದಲಿಂದ ಭತ್ಯೆ ತಗೋತಿದ್ದವರನ್ನು ಆಗ ಮುಟ್ಟಲಿಲ್ಲ.

ನಾನು: ಆಮೇಲೆ 85 ಎಷ್ಟಕ್ಕೆ ಏರಿತು?

ಲಕೋಟೆ: ಎಂಬತ್ತೈದಕ್ಕೆ.

ನಾನು: ಅರ್ಥವಾಗಲಿಲ್ಲ.

ಲಕೋಟೆ: ಮಾರ್ಕಂಡೇಯನಿಗೆ ಹದಿನಾರೇ ಖಾಯಂ ಆಯ್ತಲ್ಲ, ಹಾಗೆ ಇದಕ್ಕೆ ಎಂಬತ್ತೈದು. ಅವನು ಶಿವಲಿಂಗ ತಬ್ಬಿಕೊಂಡ, ಇದು ಖಜಾನೆ ತಬ್ಬಿಕೊಂಡಿದೆ. 2001ರಲ್ಲಿ ವೃದ್ಧರ ಮೂಲ ಪಿಂಚಣಿ ವಾರಕ್ಕೆ 72.50 ಇತ್ತು, 85 ಅದಕ್ಕಿಂತ ಎತ್ತರದಲ್ಲಿತ್ತು. 2025ರಲ್ಲಿ ಅದೇ ಮೂಲ ಪಿಂಚಣಿ 176.45. ಅಷ್ಟು ದೂರ ಯಾಕೆ, ನಮ್ಮ ಜಾತಿಯವರ ಬಸ್ ಚಾರ್ಜನ್ನೇ ನೋಡಿ. ಆಗ ಮೊದಲ ದರ್ಜೆಯ ಅಂಚೆಚೀಟಿಗೆ 27 ಪೆನ್ಸ್. 2025ರ ಏಪ್ರಿಲ್‌ನಲ್ಲಿ 1 ಪೌಂಡ್ 70 ಪೆನ್ಸ್. ನನ್ನ ಹೊರಮೈ ಆರು ಪಟ್ಟು ದುಬಾರಿಯಾಯ್ತು, ಹೊಟ್ಟೆಯೊಳಗಿನ 85 ಮಾತ್ರ ಕದಲಲಿಲ್ಲ.

ನಾನು: ಅಂದರೆ ಪ್ರತಿ ವರ್ಷ ಪಿಂಚಣಿ ಬೆಲೆಯೇರಿಕೆಗೆ ತಕ್ಕಂತೆ ಸ್ವಲ್ಪ ಏರುತ್ತೆ...

ಲಕೋಟೆ: ಏರಿದ್ದರಲ್ಲಿ ಅರ್ಧ ನಮಗೆ. ಪಿಂಚಣಿಯವರು ಅಭಿನಂದನೆ ಅಂತ ಬರೀತಾರೆ, ಹಿಂದೆಯೇ ನಾನು ಬರ್ತೀನಿ. ಗಮನಿಸಿ, ಹೆಸರೋ ನಿಯಮವೋ ಬದಲಾದಾಗೆಲ್ಲ ಪಾರ್ಲಿಮೆಂಟಿನಲ್ಲಿ ಗಲಾಟೆ ಆಗುತ್ತೆ. 2010ರ ಅಕ್ಟೋಬರ್‌ನಲ್ಲಿ ಬರ್ನ್ಲಿ, ಆಬರ್‌ಡೀನ್‌ಗಳಲ್ಲಿ ಹಳೇ ಫಲಾನುಭವಿಗಳ ಮರುಪರೀಕ್ಷೆ ಶುರುವಾದಾಗ ಪತ್ರಿಕೆ ತುಂಬ ಅದೇ. 2012ರಲ್ಲಿ, ಮುಂದೆ ಕೆಲಸಕ್ಕೆ ತಯಾರಾಗಬಹುದು ಅನ್ನಿಸಿದವರಿಗೆ ಈ ಭತ್ಯೆ 365 ದಿನ ಮಾತ್ರ ಅಂದಾಗ ಗದ್ದಲ. 2017ರಲ್ಲಿ ಅದೇ ಗುಂಪಿಗೆ ಹೊಸದಾಗಿ ಬರೋರಿಗೆ ವಾರಕ್ಕೆ 29 ಪೌಂಡ್ ಚಿಲ್ಲರೆ ಕತ್ತರಿಸಿದಾಗ ಗದ್ದಲ. 2025ರಲ್ಲಿ ಪಿಪ್ ಬಿಗಿ ಮಾಡೋಕೆ ಹೋಗಿ ಸ್ವಪಕ್ಷದವರ ವಿರೋಧಕ್ಕೇ ಸರ್ಕಾರ ಹಿಂದೆ ಸರಿಯಿತು, ಆದರೆ ಯೂನಿವರ್ಸಲ್ ಕ್ರೆಡಿಟ್‌ನ ಅನಾರೋಗ್ಯದ ಭಾಗವನ್ನು 2026ರ ಏಪ್ರಿಲ್‌ನಿಂದ ಹೊಸಬರಲ್ಲಿ ಬಹುತೇಕರಿಗೆ ಸುಮಾರು ಅರ್ಧಕ್ಕಿಳಿಸೋ ಕಾನೂನು ಪಾಸಾಯ್ತು. ಎಲ್ಲಕ್ಕೂ ಮೆರವಣಿಗೆ, ಫಲಕ. 85ಕ್ಕೆ ಯಾರು ಫಲಕ ಹಿಡೀತಾರೆ? ‘ಏನೂ ಬದಲಾಗಿಲ್ಲ, ಧಿಕ್ಕಾರ’ ಅಂತ ಕೂಗೋಕಾಗುತ್ತಾ?

ನಾನು: ನಾಳೆ ಮತ್ತೆ ಹೆಸರು ಬದಲಾದರೆ?

ಲಕೋಟೆ: ಕಂದು ಬಣ್ಣ ಇದ್ದೇ ಇರುತ್ತೆ. ಬಿಳಿ ಮಾಡಿದರೆ ನೀವು ಧೈರ್ಯವಾಗಿ ಒಡೆದುಬಿಡ್ತೀರಿ.

ನಾನು: ಕೊನೆಯದಾಗಿ, ನಿಮ್ಮೊಳಗೆ ಏನಿದೆ? ಮುರಿತದ ಲೆಕ್ಕವೋ, ಇಪ್ಪತ್ತು ಚಿಲ್ಲರೆ ಪುಟದ ಪ್ರಶ್ನಾವಳಿಯೋ?

ಲಕೋಟೆ: ನನಗೆ ಓದು ಬರಲ್ಲ ಸ್ವಾಮಿ. ನೀವೇ ಒಡೆದು ನೋಡಿ. ಆದರೆ ಒಂದು ಮಾತು, ಸ್ನೇಹದಲ್ಲಿ ಹೇಳ್ತೀನಿ. ಒಡೆಯೋ ಮೊದಲು ಯೋಚಿಸಿ. ಅಂಟು ಗಟ್ಟಿಯಾಗಿದೆ. ನೀವು ಸಲೀಸಾಗಿ ಬಿಡಿಸಿದಿರಿ ಅಂತಾದರೆ ಬೆರಳು ನೆಟ್ಟಗಿವೆ ಅಂತಾಯ್ತು. ಒಡೆಯದೆ ಇಟ್ಟಿರೋ, ಗಡುವು ಮೀರಿತು, ಅರ್ಜಿ ಬಿತ್ತು.

ನಾನು: ಮತ್ತೇನು ಮಾಡಲಿ?

ಲಕೋಟೆ: ಅದನ್ನು ಸೋಮವಾರ ಫೋನ್ ಮಾಡಿ ಕೇಳಿ.

ಅಷ್ಟರಲ್ಲಿ ಬೀಗದ ಸದ್ದು. ಬಾಗಿಲು ತಳ್ಳಿದ ಭರಕ್ಕೆ ಸಂದರ್ಶನ ಕೊಡುತ್ತಿದ್ದವರು ಗೋಡೆಯವರೆಗೆ ಜಾರಿಹೋದರು. “ರೀ, ಒಬ್ಬರೇ ಯಾರ ಹತ್ರ ಮಾತಾಡ್ತಿದ್ರಿ?” ಎಂದಳು ಹೆಂಡತಿ. ಉತ್ತರಕ್ಕೆ ಕಾಯಲಿಲ್ಲ. ಕೊತ್ತಂಬರಿ ಸೊಪ್ಪಿನ ಚೀಲ ಕೆಳಗಿಟ್ಟು, ಲಕೋಟೆ ಎತ್ತಿಕೊಂಡು, ನೇರ ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚುವ ಚಾಕುವಿನಿಂದ ಸೀಳಿದಳು. ನಾನು ಗೋಡೆ ಹಿಡಿದು ಅಲ್ಲಿಗೆ ತಲುಪುವಷ್ಟರಲ್ಲಿ ಮೇಜಿನ ಮೇಲೆ ಪ್ರಶ್ನಾವಳಿ ಹರಡಿಕೊಂಡಿತ್ತು. ನಾಲ್ಕು ವಾರದೊಳಗೆ ತುಂಬಿ ಕಳಿಸಬೇಕು. ಅದರ ಮಡಿಕೆಯಿಂದ ಇನ್ನೊಂದು ಪುಟ್ಟ ಲಕೋಟೆ ಇಣುಕುತ್ತಿತ್ತು, ವಾಪಸು ಕಳಿಸುವುದಕ್ಕೆ. ಅದಕ್ಕೂ ಒಂದು ಕಿಟಕಿ. ಕಿಟಕಿಯಲ್ಲಿ ಕಾಣಬೇಕಾದ ಅವರ ವಿಳಾಸವನ್ನು ಪ್ರಶ್ನಾವಳಿಯ ಕೊನೆಯಲ್ಲಿ ಮುದ್ರಿಸಿದ್ದರು. ಹಿಡಿದು ನೋಡಿದೆ. ಒಂದಕ್ಷರವೂ ಬಿಟ್ಟುಹೋಗಿರಲಿಲ್ಲ.