ಎಸ್ಸೆಸ್ಸೆಲ್ಸಿ: ಬಳಸುವ ಕ್ರಮ

ಅಭಿನಂದನೆಗಳು. ಈ ವರ್ಷ ನಿಮ್ಮ ಮನೆಗೆ ಎಸ್ಸೆಸ್ಸೆಲ್ಸಿ ಬಂದಿದೆ. ಬಳಸುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ. ಯಾವುದನ್ನಾದರೂ ಪೂರ್ತಿ ಓದುವ ಅಭ್ಯಾಸ ಇರುವವರಿಗೆ ಇದರ ಅಗತ್ಯವಿಲ್ಲ.

1. ಪೆಟ್ಟಿಗೆಯಲ್ಲಿ ಏನೇನಿದೆ

ನಡೆದುಬಂದ ಲೆಕ್ಕದಂತೆ ಆರು ವಿಷಯ, 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100. ಇವುಗಳಲ್ಲಿ ಪ್ರಥಮ ಭಾಷೆಯ 25, ಮಿಕ್ಕವುಗಳ ತಲಾ 20 ಆಂತರಿಕ ಅಂಕಗಳು. ಕೂಡಿಸಿದರೆ 125 ಅಂಕ ಶಾಲೆಯ ಮೇಷ್ಟರ ಕೈಯಲ್ಲೇ ಇದೆ. ಪ್ರಾಜೆಕ್ಟನ್ನು ಹೊತ್ತಿಗೆ ಸರಿಯಾಗಿ ಒಪ್ಪಿಸಿ; ಅದಕ್ಕೆ ಥರ್ಮಾಕೋಲ್ ಕತ್ತರಿಸಿದ್ದು ಅಪ್ಪ ಎಂಬುದು ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಉಳಿದ 500 ಅಂಕಕ್ಕೆ ಮಾತ್ರ ಮುಂದಿನ ವಿಧಿಗಳು.

2. ಜೋಡಣೆ

ಮೊದಲು ವೇಳಾಪಟ್ಟಿ. ಒಂದು ಡ್ರಾಯಿಂಗ್ ಶೀಟು, ನಾಲ್ಕು ಬಣ್ಣದ ಸ್ಕೆಚ್ ಪೆನ್ನು, ಒಂದು ಇಡೀ ಭಾನುವಾರ ಬೇಕು. ಏಳುವ ಸಮಯ ಬೆಳಗಿನ 4.30 ಎಂದು ಕೆಂಪಿನಲ್ಲಿ ಬರೆಯಿರಿ. ಏಳುವ ಹೊಣೆ ಅಮ್ಮನದು. ವೇಳಾಪಟ್ಟಿ ಸೋಮವಾರದಿಂದಲೇ ಜಾರಿಗೆ ಬರತಕ್ಕದ್ದು. ಮಂಗಳವಾರ ನೆನಪಾದರೆ ಆರು ದಿನ ಬಿಡುವು. ಎರಡು ಸಲ ತಪ್ಪಿದರೆ ಹೊಸ ವೇಳಾಪಟ್ಟಿ ಬರೆಯಿರಿ, ಈ ಸಲ ಇನ್ನೂ ದಪ್ಪ ಅಕ್ಷರದಲ್ಲಿ.

3. ಬಳಕೆ

ಪುಸ್ತಕ ತೆರೆಯಿರಿ. ಮುಖ್ಯವಾದ ಸಾಲುಗಳ ಕೆಳಗೆ ಗೆರೆ ಎಳೆಯಿರಿ. ಯಾವುದು ಮುಖ್ಯ ಎಂದು ತಿಳಿಯದಿದ್ದರೆ ಎಲ್ಲಕ್ಕೂ ಎಳೆಯಿರಿ. ಅಡುಗೆಮನೆಯಿಂದ “ಓದ್ತಿದೀಯೇನೋ?” ಎಂದು ಕೇಳಿಬಂದರೆ “ಹೂಂ ಅಮ್ಮಾ” ಎನ್ನಿ. ಗೆರೆ ಎಳೆಯುವುದೂ ಓದೇ ಎಂಬ ನಂಬಿಕೆ ಎರಡೂ ಕಡೆ ಗಟ್ಟಿಯಾಗಿದ್ದರೆ ಮನೆಯಲ್ಲಿ ಶಾಂತಿ ನೆಲೆಸುತ್ತದೆ.

ಈಗ ಪುಸ್ತಕ ಮುಚ್ಚಿ. ಅಚ್ಚಿನ ತಪ್ಪಲ್ಲ, ಮುಚ್ಚಿ. ಓದಿದ್ದನ್ನು ನೋಡದೆ ಒಂದು ಹಾಳೆಯ ಮೇಲೆ ಬರೆಯಿರಿ. ಈ ಕೈಪಿಡಿಯಲ್ಲಿ ಯಾರೂ ಪಾಲಿಸದ ವಿಧಿ ಇದೊಂದೇ. ಕೆಲಸ ಮಾಡುವುದೂ ಇದೊಂದೇ. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಅವು ಎಷ್ಟು ಬೇಗ ಮರೆತುಹೋಗುತ್ತವೆ ಎಂದು ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಅರ್ಥವಿಲ್ಲದ್ದನ್ನು ಬಾಯಿಪಾಠ ಮಾಡುವುದು ನಮಗೇನೂ ಹೊಸದಲ್ಲ. ಹೊಸದು ಅವನ ಲೆಕ್ಕ: ಮರೆವು ಮೊದಲ ಕೆಲವು ಗಂಟೆಗಳಲ್ಲೇ ಓಡೋಡಿ ಬರುತ್ತದೆ, ಆಮೇಲೆ ನಿಧಾನಿಸುತ್ತದೆ. ಹಾಗಾಗಿ ಇಂದು ಓದಿದ್ದನ್ನು ನಾಳೆ ಒಮ್ಮೆ, ನಾಲ್ಕು ದಿನ ಬಿಟ್ಟು ಒಮ್ಮೆ ಪುಸ್ತಕ ಮುಚ್ಚಿ ನೆನೆಯಿರಿ. ನಮ್ಮ ಹಿರಿಯರು ಛಂದಸ್ಸಿನ ಎಂಟು ಗಣಗಳನ್ನೂ ‘ಯಮಾತಾರಾಜಭಾನಸಲಗಂ’ ಎಂಬ ಹತ್ತೇ ಅಕ್ಷರಗಳಲ್ಲಿ ಕಟ್ಟಿಟ್ಟದ್ದು ಪುಸ್ತಕ ಮುಚ್ಚಿದಾಗ ಕೈಗೆ ಸಿಗಲೆಂದೇ.

4. ಪರೀಕ್ಷೆಯ ದಿನ

ಪೆನ್ನಿಗೆ ಕುಂಕುಮ ಹಚ್ಚಿ, ಆದರೆ ಮುಳ್ಳಿಗೆ ಬೇಡ. ಹೊಸ ಪೆನ್ನಿನ ಉದ್ಘಾಟನೆ ಕೊಠಡಿಯೊಳಗೆ ಆಗದಿರಲಿ. ಪ್ರಶ್ನೆಪತ್ರಿಕೆ ಓದಿಕೊಳ್ಳಲು ಕೊಡುವ 15 ನಿಮಿಷವನ್ನು ಓದಿಕೊಳ್ಳುವುದಕ್ಕೇ ಬಳಸಿ. ಮುಂದಿನ ಬೆಂಚಿನವನ ಬೆನ್ನು ಪಠ್ಯಕ್ರಮದಲ್ಲಿಲ್ಲ.

ನಿಮ್ಮ ಉತ್ತರ ಓದುವವರು ಬೇಸಿಗೆಯ ಸೆಕೆಯಲ್ಲಿ, ಕೀ ಉತ್ತರವನ್ನು ಪಕ್ಕದಲ್ಲಿಟ್ಟುಕೊಂಡು, ಕಟ್ಟುಗಟ್ಟಲೆ ಪತ್ರಿಕೆ ತಿದ್ದುತ್ತಿರುವ ಒಬ್ಬ ಮೇಷ್ಟರು. ಅವರು ಅಂಕ ಕೊಡಲು ಜಾಗ ಹುಡುಕುತ್ತಿರುತ್ತಾರೆ. ಹುಡುಕಾಟ ಸುಲಭ ಮಾಡಿ. ಗಣಿತದ ಪ್ರಮೇಯ ಪೂರ್ತಿ ಬರದಿದ್ದರೂ ಚಿತ್ರ, ದತ್ತ, ಸಾಧನೀಯ, ರಚನೆ ಬರೆಯಿರಿ, ಹಂತಹಂತಕ್ಕೂ ಅಂಕವಿದೆ. ಹೃದಯದ ಚಿತ್ರ ಆಲೂಗಡ್ಡೆಯಂತಿದ್ದರೂ ಪೆನ್ಸಿಲಿನಲ್ಲಿ ಬಿಡಿಸಿ, ಭಾಗಗಳನ್ನು ಗುರುತಿಸಿ. ಸಂದರ್ಭ ಸ್ವಾರಸ್ಯದಲ್ಲಿ ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ಕಂತು ಮಾಡಿ. ‘ಇಲ್ಲಿ ಸ್ವಾರಸ್ಯವು ಸ್ವಾರಸ್ಯಕರವಾಗಿ ಮೂಡಿಬಂದಿದೆ’ ಎಂಬ ಸಾಲನ್ನು ಅವರು ಬೆಳಗಿನಿಂದ ಹಲವು ಸಲ ಓದಿದ್ದಾರೆ, ದಯೆ ತೋರಿ. ಗಾದೆಯ ವಿವರಣೆಯನ್ನು ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ಆರಂಭಿಸುವುದು ವಾಡಿಕೆ. ಆಮೇಲೆ ಕೊಟ್ಟ ಗಾದೆಯ ಬಗ್ಗೆಯೂ ಎರಡು ಮಾತು ಬರೆದರೆ ಒಳ್ಳೆಯದು.

5. ದೋಷ ಮತ್ತು ಪರಿಹಾರ

ದೋಷ: ಪುಟ ತಿರುಗುತ್ತಿದೆ, ತಲೆಗೆ ಏನೂ ಹೋಗುತ್ತಿಲ್ಲ.
ಪರಿಹಾರ: ದಿಂಬಿನಿಂದ ಎದ್ದು ಕುರ್ಚಿಗೆ ಬನ್ನಿ. ಮೊಬೈಲನ್ನು ಅಜ್ಜಿಯ ಕೈಗೆ ಕೊಡಿ. ಅವರು ಧಾರಾವಾಹಿ ಮುಗಿಯುವವರೆಗೆ ವಾಪಸು ಕೊಡುವುದಿಲ್ಲ.

ದೋಷ: ಮದುವೆಮನೆಯಲ್ಲಿ ನೆಂಟರು “ಎಷ್ಟು ಪರ್ಸೆಂಟ್ ಬರಬಹುದು?” ಎನ್ನುತ್ತಾರೆ.
ಪರಿಹಾರ: “ನಿಮ್ಗೆಷ್ಟು ಬಂದಿತ್ತು ಮಾವ?” ಎಂದು ವಿನಯದಿಂದ ಕೇಳಿ. ಮಾತು ಹೋಳಿಗೆಯ ಕಡೆ ತಿರುಗುತ್ತದೆ.

ದೋಷ: ಪರೀಕ್ಷೆ ಮುಗಿಸಿ ಬಂದವರು ಗೇಟಿನ ಬಳಿ ಉತ್ತರ ಹೋಲಿಸುತ್ತಿದ್ದಾರೆ.
ಪರಿಹಾರ: ಬಸ್ಸು ಹಿಡಿಯಿರಿ. ಆ ಪತ್ರಿಕೆಗೆ ಇನ್ನು ಒಂದಂಕವೂ ಸೇರುವುದಿಲ್ಲ, ನಾಳಿನದಕ್ಕೆ ಸೇರಬಹುದು.

ದೋಷ: ಮೊದಲ ಸಲ ಕೈಕೊಟ್ಟಿತು.
ಪರಿಹಾರ: 2023-24ನೇ ಸಾಲಿನಲ್ಲಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂದು ಮೂರು ಅವಕಾಶ ಬಂದವು. ನಪಾಸು ಎಂಬುದು ಬಾಗಿಲು ಮುಚ್ಚಿದ ಸದ್ದಾಗಿದ್ದ ಕಾಲ ಹೋಯಿತು. ಇದನ್ನು ಮಕ್ಕಳಿಗಿಂತ ಮೊದಲು ಅಪ್ಪಂದಿರು ಎರಡು ಸಲ ಓದಿಕೊಳ್ಳತಕ್ಕದ್ದು.

6. ಗ್ಯಾರಂಟಿ

ಇಲ್ಲ.

7. ವಿಲೇವಾರಿ

ಕೊನೆಯ ಪರೀಕ್ಷೆಯ ಸಂಜೆ ಗೈಡುಗಳನ್ನು ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗಿಗೆ ಅರ್ಧ ಬೆಲೆಗೆ ಕೊಡಿ. ಅವಳು ಅಲ್ಲೇ ಪುಟ ತಿರುವಿ ನೋಡುತ್ತಾಳೆ. ಮೊದಲ ಮೂರು ಪಾಠಗಳಲ್ಲಿ ಗೆರೆಯಿಲ್ಲದ ಸಾಲೇ ಇರುವುದಿಲ್ಲ. ನಾಲ್ಕನೆಯದರಿಂದ ಪುಸ್ತಕ ಅಂಗಡಿಯಿಂದ ತಂದಂತೆ ಹೊಸದು. “ಇದೇನಣ್ಣ?” ಎಂದು ಕೇಳಿದರೆ ಗಾಬರಿ ಬೇಡ.

“ಅಲ್ಲಿಂದ ಪುಸ್ತಕ ಮುಚ್ಚಿ ಓದಿದ್ದು” ಎನ್ನಿ.