ಹತ್ತು ಸಾವಿರದೊಳಗಿನ ಮಾನಿಟರ್: ಒಂದು ಶಾಸನಾಧ್ಯಯನ

1. ವ್ಯಾಪ್ತಿ ಮತ್ತು ಮಿತಿ

ಕನ್ನಡ ಸಂಶೋಧನೆಯಲ್ಲಿ ಶಿಲಾಶಾಸನ, ತಾಮ್ರಶಾಸನ, ಓಲೆಗರಿ, ಕಡತಗಳಿಗೆ ಸಿಕ್ಕ ಮನ್ನಣೆ ರಟ್ಟಿನ ಡಬ್ಬಿಗೆ ಸಿಕ್ಕಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ನೆಲದಿಂದ ಸೂರಿನವರೆಗೆ ಪೇರಿಸಿಟ್ಟ ಮಾನಿಟರ್ ಡಬ್ಬಿಗಳ ಮೇಲಿರುವಷ್ಟು ಬರಹ ಒಂದು ಹೋಬಳಿಯ ವೀರಗಲ್ಲುಗಳನ್ನೆಲ್ಲ ಒಟ್ಟುಗೂಡಿಸಿದರೂ ಸಿಗಲಾರದು. ಆದರೂ ಈ ಸಾಮಗ್ರಿಯ ಕಡೆ ವಿದ್ವಾಂಸರು ತಿರುಗಿ ನೋಡಿಲ್ಲ. ಗ್ರಾಹಕರು ನೋಡಿದ್ದಾರೆ, ನಂಬಿದ್ದಾರೆ, ಕೆಟ್ಟಿದ್ದಾರೆ. ಈ ಕೊರತೆಯನ್ನು ತುಂಬುವ ನಮ್ರ ಪ್ರಯತ್ನವೇ ಪ್ರಸ್ತುತ ಪ್ರಬಂಧ.

ಮಹಾಪ್ರಬಂಧಗಳಿಗೆ ಸಾಮಾನ್ಯವಾಗಿ ಕಾಲದ ಮಿತಿ, ಪ್ರದೇಶದ ಮಿತಿ ಇರುತ್ತವೆ. ಇದಕ್ಕಿರುವುದು ಹತ್ತು ಸಾವಿರ ರೂಪಾಯಿಯ ಮಿತಿ. ವಿಧಿಸಿದ್ದು ವಿಶ್ವವಿದ್ಯಾಲಯವಲ್ಲ, ಮನೆಯ ಹಣಕಾಸು ಖಾತೆ. ಹಾಗಾಗಿ ಮೇಲ್ಮನವಿಗೆ ಅವಕಾಶವಿಲ್ಲ. ಮಾರ್ಗದರ್ಶಕನಾಗಲು ಎಂಜಿನಿಯರಿಂಗ್ ಓದುತ್ತಿರುವ ಸೋದರಳಿಯನೊಬ್ಬ ಒಪ್ಪಿಕೊಂಡ. ಎಲ್ಲ ಮಾರ್ಗದರ್ಶಕರಂತೆ ಅವನೂ ಕರಡು ಓದಲಿಲ್ಲ. "144 ಹರ್ಟ್ಜ್ ತಗೋ ಮಾವ, ಕಣ್ಮುಚ್ಚಿಕೊಂಡು ತಗೋ" ಎಂದು ವಾಟ್ಸ್ಆ್ಯಪಿನಲ್ಲಿ ಒಂದು ಸಾಲು ಹಾಕಿ ಕಣ್ಮರೆಯಾದ. ನೋಡುವ ಸಾಧನವನ್ನು ಕಣ್ಮುಚ್ಚಿಕೊಂಡು ಕೊಳ್ಳುವ ಈ ವಿಧಾನವನ್ನು ಪ್ರಬಂಧಕಾರ ಗೌರವಪೂರ್ವಕವಾಗಿ ನಿರಾಕರಿಸುತ್ತಾನೆ.

2. ಡಬ್ಬಿಶಾಸನದ ಸ್ವರೂಪ

ನಮ್ಮ ಶಾಸನಗಳ ರಚನೆ ಎಲ್ಲರಿಗೂ ತಿಳಿದದ್ದೇ. ಮೊದಲು ಮಂಗಳ, ಆಮೇಲೆ ಅರಸನ ಪ್ರಶಸ್ತಿ, ಆಮೇಲೆ ದತ್ತಿ, ಸಾಕ್ಷಿಗಳು, ಕಡೆಯಲ್ಲಿ ಶಾಪಾಶಯ. ಪ್ರಶಸ್ತಿಭಾಗದಲ್ಲಿ ಅರಸ ಸಮುದ್ರಗಳನ್ನು ಕುಡಿದಿರುತ್ತಾನೆ, ಶತ್ರುಗಳ ಆನೆಗಳನ್ನು ಸೀಳಿರುತ್ತಾನೆ. ಹತ್ತಾರು ಸಾಲು ದಾಟಿ ದತ್ತಿಗೆ ಬಂದರೆ ಕೊಟ್ಟದ್ದು ಎರಡು ಮತ್ತರು ಬೆದ್ದಲು, ಒಂದು ಎಣ್ಣೆಗಾಣ.

ಡಬ್ಬಿಶಾಸನವೂ ಈ ಪರಂಪರೆಯದ್ದೇ. ಮುಂಭಾಗದ ಪಾಠವನ್ನು ಕನ್ನಡಿಸಿದರೆ ಹೀಗಾಗುತ್ತದೆ: ಸ್ವಸ್ತಿ ಸಮಸ್ತ ಪಿಕ್ಸೆಲಾಧೀಶ್ವರಂ, ಅಂಚಿಲ್ಲದಂಗಂ, ಮಿಣುಕುವಿರಹಿತಂ, ನೀಲಕಿರಣವಿದಾರಣಂ, ನೂರು ಹರ್ಟ್ಜಿನ ಗಂಡಂ. ದತ್ತಿಭಾಗ ಇಲ್ಲಿಲ್ಲ, ಅದು ಡಬ್ಬಿಯ ಪಕ್ಕದ ಮೈಯಲ್ಲಿ, ಬಾರ್‌ಕೋಡಿನ ಕೆಳಗೆ, ಸಾಸಿವೆ ಗಾತ್ರದ ಅಕ್ಷರದಲ್ಲಿದೆ. ಲಿಪಿಶಾಸ್ತ್ರದ ದೃಷ್ಟಿಯಿಂದ ಇಲ್ಲೊಂದು ನಿಯಮ ಹೊರಡುತ್ತದೆ: ಡಬ್ಬಿಯ ಮೇಲಿನ ಅಕ್ಷರದ ಗಾತ್ರಕ್ಕೂ ಅದರ ಉಪಯೋಗಕ್ಕೂ ವಿಲೋಮ ಸಂಬಂಧವಿದೆ.

ಅನುಭವಸ್ಥ ಶಾಸನತಜ್ಞ ಪ್ರಶಸ್ತಿಯನ್ನು ಓದಿ ಆನಂದಿಸುತ್ತಾನೆ, ಚರಿತ್ರೆ ಬರೆಯುವಾಗ ದತ್ತಿಯನ್ನು ನೆಚ್ಚುತ್ತಾನೆ. ಸಣ್ಣ ಜೇಬಿನ ಗ್ರಾಹಕ ಮಾಡಬೇಕಾದದ್ದೂ ಇಷ್ಟೇ ಎಂಬುದು ಈ ಪ್ರಬಂಧದ ಪ್ರತಿಪಾದನೆ.

3. ಪ್ರಶಸ್ತಿಭಾಗದ ವಿಮರ್ಶೆ

ಮೊದಲ ಬಿರುದು ಕಾಂಟ್ರಾಸ್ಟಿನದು. ಒಂದಕ್ಕೆ ಒಂದು ಕೋಟಿ ಎಂದು ಬರೆದಿರುವ ಡಬ್ಬಿಗಳುಂಟು. ಅಚ್ಚ ಬಿಳಿ ಅಚ್ಚ ಕಪ್ಪಿಗಿಂತ ಎಷ್ಟು ಪಟ್ಟು ಬೆಳಕು ಎಂಬುದು ಇದರ ತಾತ್ಪರ್ಯ. ಆದರೆ ಬಿಳಿಯನ್ನು ಅಳೆಯುವಾಗ ಹಿಂದಿನ ದೀಪವನ್ನು ಪೂರ್ತಿ ಉರಿಸಿ, ಕಪ್ಪನ್ನು ಅಳೆಯುವಾಗ ಅದೇ ದೀಪವನ್ನು ಅಡಗಿಸಿದ್ದರಿಂದ ಈ ಕೋಟಿ ಬಂದಿದೆ. ಒಂದೇ ಚಿತ್ರದೊಳಗೆ ಒಂದೇ ಗಳಿಗೆಯಲ್ಲಿ ಅಳೆದರೆ ಐಪಿಎಸ್ ಪರದೆಗೆ ಸುಮಾರು ಸಾವಿರ, ವಿಎ ಪರದೆಗೆ ಸುಮಾರು ಮೂರು ಸಾವಿರ (ಈ ಬಗೆಗಳ ಪರಿಚಯ ಐದನೆಯ ಅಧ್ಯಾಯದಲ್ಲಿದೆ). ದೀಪ ಆರಿಸಿ ಕತ್ತಲೆಯನ್ನು ಹೊಗಳುವ ವಿದ್ಯೆಗೆ ಡೈನಮಿಕ್ ಎಂಬ ವಿಶೇಷಣವಿದೆ. ಆ ವಿಶೇಷಣ ಕಂಡಲ್ಲಿ ನಾಲ್ಕೈದು ಸೊನ್ನೆಗಳನ್ನು ಪ್ರಕ್ಷಿಪ್ತವೆಂದು ಭಾವಿಸಿ ಪಾಠದಿಂದ ಕೈಬಿಡಬೇಕು.

ಎರಡನೆಯದು ಒಂದು ಮಿಲಿಸೆಕೆಂಡಿನ ಬಿರುದು. ಇದರ ನೆತ್ತಿಯ ಮೇಲೊಂದು ನಕ್ಷತ್ರವಿರುತ್ತದೆ. ನಕ್ಷತ್ರವನ್ನು ಹಿಂಬಾಲಿಸಿ ಡಬ್ಬಿಯ ತಳಕ್ಕೆ ಹೋದರೆ ಎಂಪಿಆರ್‌ಟಿ ಎಂಬ ನಾಲ್ಕಕ್ಷರ ಸಿಗುತ್ತವೆ. ದೀಪವನ್ನು ಪಟಪಟನೆ ಆರಿಸಿ ಹೊತ್ತಿಸಿ, ಕಣ್ಣಿಗೆ ಮಸುಕು ಕಾಣದಂತೆ ಮಾಡಿ ತೆಗೆದ ಲೆಕ್ಕ ಅದು. ಒಂದು ಬೂದುಬಣ್ಣದಿಂದ ಇನ್ನೊಂದಕ್ಕೆ ಪಿಕ್ಸೆಲ್ ತಿರುಗಲು ಸಾಧಾರಣ ಐಪಿಎಸ್ ಪರದೆ ಐದು ಮಿಲಿಸೆಕೆಂಡಿನ ಆಸುಪಾಸು ತೆಗೆದುಕೊಳ್ಳುತ್ತದೆ. ತಪ್ಪೇನಿಲ್ಲ, 60 ಹರ್ಟ್ಜಿನಲ್ಲಿ, ಅಂದರೆ ಸೆಕೆಂಡಿಗೆ 60 ಚಿತ್ರ ತೋರಿಸುವಾಗ, ಒಂದು ಚಿತ್ರ ಪರದೆಯ ಮೇಲೆ ನಿಲ್ಲುವುದೇ 16.7 ಮಿಲಿಸೆಕೆಂಡು. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ನುಡಿ ತಂತ್ರಾಂಶದಲ್ಲಿ ಕರಡು ತಿದ್ದುವವರು ಆ ನಾಲ್ಕು ಮಿಲಿಸೆಕೆಂಡುಗಳಿಗಾಗಿ ಎರಡು ಸಾವಿರ ರೂಪಾಯಿ ಹೆಚ್ಚಿಗೆ ಕೊಡುವ ಮುನ್ನ, ಉಳಿಸಿದ ಸಮಯವನ್ನು ಎಲ್ಲಿ ಇಟ್ಟುಕೊಳ್ಳುತ್ತಾರೆಂದು ಯೋಚಿಸುವುದೊಳ್ಳೆಯದು.

ಮೂರನೆಯದು 178 ಡಿಗ್ರಿ ನೋಟಕೋನ. ಓರೆಯಿಂದ ನೋಡುತ್ತ ಹೋದಂತೆ ಕಾಂಟ್ರಾಸ್ಟ್ ಕುಸಿಯುತ್ತದೆ. ಹತ್ತಕ್ಕೆ ಒಂದರಷ್ಟು ಕುಸಿಯುವವರೆಗೂ ಕಂಡಂತೆಯೇ ಲೆಕ್ಕ ಎಂಬುದು ಉದ್ಯಮದ ವಾಡಿಕೆ. ಅಂದರೆ ಮಾನಿಟರಿನ ಪಕ್ಕದ ಗೋಡೆಗೆ ಕೆನ್ನೆ ಒತ್ತಿಕೊಂಡು ನಿಂತವನಿಗೂ ಏನೋ ಒಂದಿದೆ ಎಂಬಷ್ಟು ಗೊತ್ತಾಗುತ್ತದೆ.

4. ಕರ್ಣವಿಚಾರ

ಆಯತದ ಕರ್ಣದ ಮೇಲಿನ ವರ್ಗ ಎರಡು ಭುಜಗಳ ವರ್ಗಗಳ ಮೊತ್ತಕ್ಕೆ ಸಮ ಎಂಬುದು ಬೌಧಾಯನ ಶುಲ್ಬಸೂತ್ರದ ಕಾಲದಿಂದಲೂ ನಮಗೆ ಗೊತ್ತು. ಯಜ್ಞವೇದಿಕೆ ಕಟ್ಟುವವರಿಗೆ ಅದು ಬೇಕಿತ್ತು. ಮಾನಿಟರ್ ಮಾರುವವರಿಗೂ ಬೇಕು, ಏಕೆಂದರೆ ಆಯತದೊಳಗೆ ಅದಕ್ಕಿಂತ ಉದ್ದವಾದ ಗೆರೆ ಇನ್ನೊಂದಿಲ್ಲ.

24 ಇಂಚು ಎಂದು ಕೂಗಿದ್ದು ಟೇಪು ಹಿಡಿದರೆ ಸಾಮಾನ್ಯವಾಗಿ 23.8 ಇಂಚು. ಈ 0.2 ಇಂಚನ್ನು ಮನ್ನಿಸೋಣ. ಮನ್ನಿಸಲಾಗದ್ದು ಎತ್ತರದ ವಿಷಯ. ಬ್ಯಾಂಕು, ಕಚೇರಿಗಳಿಂದ ಈಗ ಗುಜರಿಗೆ ಹೊರಟಿರುವ 5:4 ಆಕಾರದ ಹಳೆಯ 19 ಇಂಚಿನ ಚೌಕದ ಪರದೆಯ ಎತ್ತರ 11.9 ಇಂಚು. ಇಂದಿನ 16:9 ಆಕಾರದ 23.8 ಇಂಚಿನದು 11.7. ಕರ್ಣ ಸುಮಾರು ಐದು ಇಂಚು ಬೆಳೆದಿದೆ, ಪುಟ ಒಂದು ಕೂದಲೆಳೆ ಕುಗ್ಗಿದೆ. ಒಂದೇ ಕರ್ಣಕ್ಕೆ 4:3ರ ಪರದೆಗಿಂತ 16:9ರ ಪರದೆಯ ವಿಸ್ತೀರ್ಣ ಶೇ. 11ರಷ್ಟು ಕಡಿಮೆ. ಸಿನಿಮಾ ನೋಡುವವರು ಗೆದ್ದರು, ಉದ್ದುದ್ದ ಕಡತ ಓದುವವರು ಸೋತರು. ಆದ್ದರಿಂದ 18.5 ಇಂಚಿನ ಪರದೆಯನ್ನು 'ಹತ್ತೊಂಬತ್ತೇ ಅಂದ್ಕೊಳಿ ಸಾರ್' ಎಂದವರ ಮಾತಿಗೆ ತಲೆದೂಗುವ ಮುನ್ನ ಅದರ ಎತ್ತರ ಒಂಬತ್ತೇ ಇಂಚು ಎಂಬುದನ್ನು ನೆನೆಯಬೇಕು.

ಫುಲ್ ಎಚ್‌ಡಿ ಎಂದರೆ 1920×1080, ಒಟ್ಟು 20,73,600 ಚುಕ್ಕೆಗಳು. ಇವನ್ನು 21.5 ಇಂಚಿನಲ್ಲಿ ಹರಡಿದರೆ ಇಂಚಿಗೆ 102 ಚುಕ್ಕೆ, 23.8ರಲ್ಲಿ 93, 27ರಲ್ಲಿ 82. ಕಡಿಮೆ ದುಡ್ಡಿನ 27 ಇಂಚಿನ ಪರದೆಯ ಗುಟ್ಟು ಇದೇ: ಚುಕ್ಕೆ ಹೆಚ್ಚಿಲ್ಲ, ಅದೇ ಚುಕ್ಕೆ ಹಿಗ್ಗಿದೆ. ಅಕ್ಷರ ದೊಡ್ಡದಾಗುತ್ತದೆ, ಚೂಪಾಗುವುದಿಲ್ಲ.

5. ಮೂರು ಮತಗಳು ಮತ್ತು ಕನ್ನಡನಾಡಿನ ಸಂಬಂಧ

ನಾಡಿನ ಪದ್ಧತಿಯಂತೆ ಪರದೆಗಳ ಲೋಕದಲ್ಲಿಯೂ ಮೂರು ಮತಗಳಿವೆ. ಟಿಎನ್ ಮತ ಎಲ್ಲಕ್ಕಿಂತ ಹಳೆಯದು, ಅಗ್ಗ, ಚುರುಕು; ಆದರೆ ಕೆಳಗಿನಿಂದ ನೋಡಿದರೆ ಬಣ್ಣ ತಿರುಗಿ ಮುಖದ ಫೋಟೋ ನೆಗೆಟಿವ್ ಆಗುತ್ತದೆ. ವಿಎ ಮತದಲ್ಲಿ ಕಪ್ಪು ನಿಜಕ್ಕೂ ಕಪ್ಪು. ಆದರೆ ಕತ್ತಲ ದೃಶ್ಯ ಸರಿದಾಡುವಾಗ ಹಿಂದೊಂದು ಮಸಿಯ ಬಾಲ ಉಳಿಯುತ್ತದೆ. ಐಪಿಎಸ್ ಮತದಲ್ಲಿ ಬಣ್ಣ ಸ್ಥಿರ, ಓರೆನೋಟಕ್ಕೆ ಅಂಜಿಕೆಯಿಲ್ಲ. ಆದರೆ ದೀಪ ಆರಿಸಿದ ಕೋಣೆಯಲ್ಲಿ ಇದರ ಕಪ್ಪು ಬೂದಿಯಾಗುತ್ತದೆ. ಹತ್ತು ಸಾವಿರದೊಳಗೆ ಈಗ ಐಪಿಎಸ್ ಸಿಗುತ್ತಿರುವುದರಿಂದ ಹಗಲು ಹೊತ್ತು ದುಡಿಯುವವರಿಗೆ ಈ ಮತವೇ ಗ್ರಾಹ್ಯ.

ಯಾವುದೇ ವಸ್ತುವಿಗೆ ಕನ್ನಡನಾಡಿನ ಸಂಬಂಧವನ್ನು ಸಾಧಿಸದೆ ಪ್ರಬಂಧ ಅಂಗೀಕಾರವಾಗುವುದಿಲ್ಲ. ಅದೃಷ್ಟವಶಾತ್ ಇಲ್ಲಿ ಎಳೆದಾಡುವ ಅಗತ್ಯವೇ ಬರಲಿಲ್ಲ. ಈ ಮೂರೂ ಮತಗಳ ಪರದೆಗಳಿಗೆ ಜೀವವಾದ ದ್ರವಸ್ಫಟಿಕವನ್ನು 1888ರಲ್ಲಿ ಮೊದಲು ಗುರುತಿಸಿದವನು ಪ್ರಾಗ್ ನಗರದ ಸಸ್ಯಶಾಸ್ತ್ರಜ್ಞ ಫ್ರೀಡ್ರಿಕ್ ರೈನಿಟ್ಸರ್. ಕ್ಯಾರೆಟ್ಟಿನಿಂದ ತೆಗೆದ ಕೊಲೆಸ್ಟರಾಲಿನ ಒಂದು ಸಂಯುಕ್ತ 145.5 ಡಿಗ್ರಿಯಲ್ಲಿ ಕರಗಿ ಮಬ್ಬಾಯಿತು, 178.5 ಡಿಗ್ರಿಯಲ್ಲಿ ಇನ್ನೊಮ್ಮೆ ಕರಗಿ ತಿಳಿಯಾಯಿತು. ಡಬ್ಬಿಯ ಮೇಲಿನ 178 ಡಿಗ್ರಿಗೂ ಈ 178 ಡಿಗ್ರಿಗೂ ನಂಟಿರಲೇಬೇಕೆಂಬುದು ಪ್ರಬಂಧಕಾರನ ದೃಢ ಊಹೆ. ಊಹೆಗೆ ಆಧಾರ ಕೇಳುವುದು ನಮ್ಮ ಸಂಶೋಧನಾ ಸಂಪ್ರದಾಯದಲ್ಲಿಲ್ಲ.

ಆಮೇಲೆ ಬಹುಕಾಲ ದ್ರವಸ್ಫಟಿಕದ ಅಣುಗಳೆಂದರೆ ಕಡ್ಡಿಯಾಕಾರದವು ಎಂದೇ ನಂಬಿಕೆಯಿತ್ತು. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಅವರ ಸಹೋದ್ಯೋಗಿಗಳು ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗುತ್ತವೆಂದು ತೋರಿಸಿದರು. ಅದೇ ಜಾತಿಯ ತಟ್ಟೆಯಣುಗಳಿಂದ ಮಾಡಿದ ತೆಳುಪೊರೆಯನ್ನು ಅಂಟಿಸಿಯೇ ಮುಂದೆ ಜಪಾನಿನವರು ಟಿಎನ್ ಪರದೆಗಳ ನೋಟಕೋನವನ್ನು ಹಿಗ್ಗಿಸಿದ್ದು. ಹೀಗೆ ಎಸ್.ಪಿ. ರೋಡಿನ ಅಗ್ಗದ ಪರದೆಯನ್ನು ಪಕ್ಕದಿಂದ ಇಣುಕುವ ಗ್ರಾಹಕ, ಒಂದು ಆಟೋ ದೂರದಲ್ಲಿರುವ ಆ ಪ್ರಯೋಗಾಲಯಕ್ಕೆ ಋಣಿ. ವಿಷಯ ನಿಜವಾಗಿರುವುದರಿಂದ ಇದನ್ನು ಡಬ್ಬಿಯ ಮೇಲೆ ಯಾರೂ ಬರೆದಿಲ್ಲ.

6. ಕ್ಷೇತ್ರಕಾರ್ಯ

ಎಸ್.ಪಿ. ರೋಡಿನ ಅಂಗಡಿಯೆಂಬ ಕ್ಷೇತ್ರದಲ್ಲಿ ಐದಾರು ಪರದೆಗಳು ಸಾಲಾಗಿ ಉರಿಯುತ್ತಿದ್ದವು. ಎಲ್ಲದರಲ್ಲೂ ಪಂಚರಂಗಿ ಗಿಳಿ, ಜಲಪಾತ, ಕತ್ತರಿಸಿದ ಕಿತ್ತಳೆ. ಎಲ್ಲದರ ಬ್ರೈಟ್‌ನೆಸ್ ನೂರಕ್ಕೆ ನೂರು. ಗಿಳಿ ಯಾವ ಪರದೆಯಲ್ಲೂ ಕೆಟ್ಟದಾಗಿ ಕಾಣುವುದಿಲ್ಲ. ಅದಕ್ಕೇ ಗಿಳಿಯನ್ನು ಹಾಕುತ್ತಾರೆ.

ಪ್ರಬಂಧಕಾರ ಪೆನ್‌ಡ್ರೈವ್ ಕೊಟ್ಟ. ಅದರಲ್ಲಿದ್ದದ್ದು ಒಂದು ಕರಿ ಪುಟ, ಒಂದು ಬಿಳಿ ಪುಟ, ಹತ್ತು ಪಾಯಿಂಟಿನಲ್ಲಿ ಟೈಪಿಸಿದ ಒಂದು ಕನ್ನಡ ಪುಟ. "ಬರೀ ಅಕ್ಷರ ಇದೆಯಲ್ಲ ಸಾರ್, ವಿಡಿಯೊ ಇಲ್ವಾ?" ಎಂದು ವಕ್ತೃವಾದ ಅಂಗಡಿಯವ ಕನಿಕರದಿಂದ ಕೇಳಿದ. ಧಕಾರದ ಹೊಟ್ಟೆಯಲ್ಲಿ ಒಂದು ಚುಕ್ಕೆಯಿಟ್ಟರೆ ಥಕಾರ, ರಕಾರದಲ್ಲಿಟ್ಟರೆ ಠಕಾರ. 'ರಥ', 'ಪಾಠ', 'ರಾಷ್ಟ್ರ', 'ಲಕ್ಷ್ಮೀ' ಎಂಬ ನಾಲ್ಕು ಪದಗಳನ್ನು ಒಂದೂವರೆ ಅಡಿ ದೂರದಿಂದ ಓದಿದರೆ ಪರದೆಯ ಯೋಗ್ಯತೆ ಗಿಳಿಗಿಂತ ಬೇಗ ಹೊರಬೀಳುತ್ತದೆ. 1366×768ರ ಪರದೆಯಲ್ಲಿ ಲಕ್ಷ್ಮಿಯ ಮಕಾರದ ಒತ್ತು ಇರುವೆ ಸತ್ತುಬಿದ್ದಂತೆ ಕಂಡಿತು. ಕರಿ ಪುಟ ಹಾಕಿ ಕೈಯಿಂದ ಟ್ಯೂಬ್‌ಲೈಟ್ ಮರೆಮಾಡಿದಾಗ ಒಂದರ ಎಡಮೂಲೆಯಿಂದ ಹಳದಿ ಬೆಳಕು ಸೋರುತ್ತಿತ್ತು.

ಇದೇ ಕ್ಷೇತ್ರಕಾರ್ಯದಲ್ಲಿ ಐನೂರರ ಸೂತ್ರ ದೊರಕಿತು. 22 ಇಂಚಿನ ಮುಂದೆ ನಿಂತರೆ, "ಬರೀ ಐನೂರು ಹಾಕಿ ಸಾರ್, 24 ಬರುತ್ತೆ." 24ರ ಮುಂದೆ ನಿಂತರೆ ಇನ್ನೈನೂರಕ್ಕೆ 100 ಹರ್ಟ್ಜ್. ಅಲ್ಲಿಂದ ಇನ್ನೈನೂರಕ್ಕೆ ಸ್ಪೀಕರ್, ಇನ್ನೈನೂರಕ್ಕೆ ಬಾಗಿದ ಪರದೆ. ಯಾವ ಮೆಟ್ಟಿಲಲ್ಲಿ ನಿಂತರೂ ಮುಂದಿನ ಮೆಟ್ಟಿಲು ಐನೂರೇ ದೂರ. ಹತ್ತಿ ಮುಗಿದ ಮೇಲೆ ತಿರುಗಿ ನೋಡಿದರೆ ಹದಿನೇಳು ಸಾವಿರದ ಮಹಡಿ. ಪರಿಹಾರ ಒಂದೇ: ಹಣವನ್ನು ನಗದಾಗಿ, ಎಣಿಸಿ, ಅಷ್ಟನ್ನೇ ಒಯ್ಯುವುದು. ಯುಪಿಐ ಇರುವ ಕೈಗೆ ಬಜೆಟ್ ಎಂಬುದು ಕೇವಲ ಒಂದು ಅಭಿಪ್ರಾಯ.

7. ದತ್ತಿ, ಸಾಕ್ಷಿ, ಶಾಪಾಶಯ

ಇನ್ನು ಸಾಸಿವೆ ಅಕ್ಷರಗಳು. ಮೊದಲು ರಂಧ್ರಗಳ ವಿಚಾರ. 1987ರಲ್ಲಿ ಐಬಿಎಂ ತಂದ ವಿಜಿಎ ಕಿಂಡಿ ಇನ್ನೂ ಸತ್ತಿಲ್ಲ. ಮನೆಯ ಹಳೆಯ ಸಿಪಿಯುಗೆ ಅದೊಂದೇ ಇದ್ದರೆ ಪರದೆಗೂ ಅದಿರಬೇಕು. ಎಚ್‌ಡಿಎಂಐ ಅಂತೂ ಬೇಕೇಬೇಕು. ಕೇಬಲ್ ಡಬ್ಬಿಯೊಳಗಿದೆಯೋ ಇಲ್ಲವೋ ನೋಡದೆ ಹೊರಟರೆ ಬಸ್‌ಸ್ಟಾಪಿನಿಂದ ಮರಳಬೇಕಾಗುತ್ತದೆ. ಬೆನ್ನಮೇಲೆ 75×75 ಅಥವಾ 100×100 ಮಿಲಿಮೀಟರಿನ ನಾಲ್ಕು ತೂತುಗಳಿದ್ದರೆ ಮುಂದೆಂದಾದರೂ ಗೋಡೆಗೋ ತೋಳಿಗೋ ಸಿಕ್ಕಿಸಬಹುದು.

ಸತ್ತ ಪಿಕ್ಸೆಲ್‌ಗಳ ಬಗ್ಗೆ ಪ್ರಾಚೀನ ಪ್ರಮಾಣವೊಂದಿದೆ. 2001ರ ಐಎಸ್‌ಒ 13406-2 ಮಾನಕದ ಎರಡನೇ ದರ್ಜೆಯಲ್ಲಿ ಹತ್ತು ಲಕ್ಷ ಪಿಕ್ಸೆಲ್‌ಗಳಿಗೆ ಎರಡು ಸದಾ ಉರಿಯುವ, ಎರಡು ಸದಾ ಆರಿದ ಪಿಕ್ಸೆಲ್‌ಗಳನ್ನು ಸಹಿಸಿಕೊಳ್ಳಬೇಕಿತ್ತು. ಫುಲ್ ಎಚ್‌ಡಿಗೆ ಲೆಕ್ಕ ಹಾಕಿದರೆ ನಾಲ್ಕು ಬಿಳಿ ಹುಣ್ಣು, ನಾಲ್ಕು ಕರಿ ಮಚ್ಚೆ ಇದ್ದರೂ ಪರದೆ ಆರೋಗ್ಯವಂತ. 2008ರಲ್ಲಿ ಬೇರೆ ಮಾನಕ ಬಂತು; 'ಒಂದು ಚುಕ್ಕೆಗೆಲ್ಲ ಬದಲಾಯಿಸಲ್ಲ ಸಾರ್' ಎಂಬ ನುಡಿಗಟ್ಟು ಹೋಗಲಿಲ್ಲ. ಬಿಳಿ ಪುಟ, ಕರಿ ಪುಟಗಳ ಪರೀಕ್ಷೆ ಅಂಗಡಿಯಲ್ಲೇ, ನಿಮ್ಮ ಡಬ್ಬಿ ಒಡೆಸಿ, ನಿಮ್ಮ ಪರದೆಯ ಮೇಲೆಯೇ ನಡೆಯಬೇಕು.

ರಾಜಮುದ್ರೆಯ ಸ್ಥಾನದಲ್ಲಿ ಭಾರತೀಯ ಮಾನಕ ಬ್ಯೂರೋದ ಗುರುತೂ ಅದರೊಡನೆ 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಸಾಕ್ಷಿಯ ಸ್ಥಾನದಲ್ಲಿ ಬಿಲ್ಲು. "ಬಿಲ್ ಬೇಕಾ ಸಾರ್?" ಎಂಬ ಮೃದುವಾದ ಪ್ರಶ್ನೆ ಬರುತ್ತದೆ. ಒಂಬತ್ತು ಸಾವಿರದ ಮಾನಿಟರಿನಲ್ಲಿ ಶೇ. 18ರ ಜಿಎಸ್‌ಟಿ 1,373 ರೂಪಾಯಿ. ಅದನ್ನು ಉಳಿಸಲು ಹೊರಟವನು ಮೂರು ವರ್ಷದ ವಾರಂಟಿಯನ್ನು ಸಾಕ್ಷಿಯಿಲ್ಲದ ದಾನವಾಗಿಸುತ್ತಾನೆ.

ಕಡೆಯದು ಶಾಪಾಶಯ. ಹಿಂದಿನ ಶಾಸನಗಳಲ್ಲಿ ದತ್ತಿಗೆ ಅಳುಪಿದವರು ಕಾಶಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗುತ್ತಿದ್ದರು. ಇಲ್ಲಿ ಸ್ಟಿಕ್ಕರ್ ಹರಿದವರು, ಸ್ಕ್ರೂ ತಿರುಗಿಸಿದವರು, ಪರದೆ ಒಡೆದುಕೊಂಡವರು ವಾರಂಟಿಯಿಂದ ಭ್ರಷ್ಟರಾಗುತ್ತಾರೆ. ಪರದೆಯ ಗಾಜೇ ಮಾನಿಟರಿನ ಮುಕ್ಕಾಲು ಪ್ರಾಣವಾದ್ದರಿಂದ ಒಡೆದದ್ದನ್ನು ರಿಪೇರಿ ಮಾಡಿಸುವುದಕ್ಕಿಂತ ಹೊಸದು ಕೊಳ್ಳುವುದೇ ಲೇಸಾಗುತ್ತದೆ. ಶಾಪಕ್ಕೆ ಈಗಲೂ ವಿಮೋಚನೆಯಿಲ್ಲ.

8. ಫಲಿತಗಳು

ಒಂದು: 24 ಇಂಚು, ಫುಲ್ ಎಚ್‌ಡಿ, ಐಪಿಎಸ್. ಮೂರೂ ಇದ್ದರೆ ಉಳಿದ ಬಿರುದುಗಳಿಗೆ ನಮಸ್ಕಾರ. ಎರಡು: 75 ಹರ್ಟ್ಜ್ ಇದ್ದರೂ ಸರಿ, 100 ಇದ್ದರೂ ಸರಿ, ಅದಕ್ಕಾಗಿ ಪ್ರತ್ಯೇಕ ಹಣ ಸಲ್ಲದು. ಮೂರು: ಬ್ರ್ಯಾಂಡಿನ ಹೆಸರಿಗಿಂತ ಅದರ ಸರ್ವಿಸ್ ಸೆಂಟರ್ ನಿಮ್ಮೂರಲ್ಲಿ ಇದೆಯೇ ಎಂಬುದು ಮುಖ್ಯ. ಶಿವಮೊಗ್ಗದವರು, ಕಲಬುರಗಿಯವರು ಬೆಂಗಳೂರಿಗೆ ಪರದೆ ಹೊತ್ತು ತರುವ ಬಸ್‌ಚಾರ್ಜನ್ನು ಬೆಲೆಗೆ ಸೇರಿಸಿಯೇ ಹೋಲಿಸಬೇಕು. ನಾಲ್ಕು: ಈ ಬೆಲೆಯ ಸ್ಟ್ಯಾಂಡುಗಳು ಹಿಂದೆ ಮುಂದೆ ತಲೆಯಾಡಿಸುತ್ತವೆ, ಮೇಲೆ ಕೆಳಗೆ ಏಳುವುದಿಲ್ಲ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಬೇಕೆಂಬುದು ಕತ್ತಿನ ವೈದ್ಯರ ಮತ. ಪ್ರಬಂಧಕಾರನ ಮೇಜಿನಲ್ಲಿ ಅದಕ್ಕೆ ನಾಲ್ಕು ಇಂಚು ಕಡಿಮೆ ಬಿದ್ದಿದೆ.

ಎತ್ತರ ಏರಿಳಿಯುವ ಸ್ಟ್ಯಾಂಡಿನ ಬೆಲೆ ಅಧ್ಯಯನದ ಮಿತಿಯಾಚೆಗಿದೆ. ಪ್ರಸ್ತುತ ಪ್ರಬಂಧವನ್ನು ಡಬಲ್ ಸ್ಪೇಸಿನಲ್ಲಿ ಅಚ್ಚುಹಾಕಿಸಿ, ಗಟ್ಟಿ ರಟ್ಟು ಕಟ್ಟಿಸಿ, ನಿಯಮದಂತೆ ಐದು ಪ್ರತಿ ಮಾಡಿಸಿದಾಗ ಒಟ್ಟು ದಪ್ಪ ಎರಡೂವರೆ ಇಂಚು ಬಂತು. ಆದ್ದರಿಂದ ಇದನ್ನು ಇನ್ನೂ ಐದು ಅಧ್ಯಾಯಗಳಷ್ಟು ವಿಸ್ತರಿಸಲು ತೀರ್ಮಾನಿಸಲಾಗಿದೆ.